ಡಾಂಬರ ಗುಳಿಗೆ ಹಿಂಡುವ ಸೆಲ್: ಎಲ್ಲಿಗೆ ಬಂತು?

ಗೋಕುಲ ರಸ್ತೆಯ ಲೇಥ್ ಅಂಗಡಿಯಿಂದ ಒತ್ತುವ ಸೆಲ್ (ವಸ್ತು ತುಂಬಿ ಹಿಂಡುವ ಪುಟ್ಟ ಡಬ್ಬಿ) ಕೊನೆಗೂ ಕೈಗೆ ಬಂತು. ಹಿಂಡಿದಾಗ ಅಣುಗಳ ಕಂಪನ ಹೇಗೆ ಬದಲಾಗುತ್ತದೆ ಅಂತ ಲೇಸರ್ ಬಿಟ್ಟು ನೋಡುವ ಆಸೆ ನನ್ನದು. ಸ್ಟೀಲ್ ತುಂಡು, ನಡುವೆ ಸಣ್ಣ ತೂತು, ಒಂದು ಕಡೆ ಸಫೈರ್ ಗಾಜು, ಇನ್ನೊಂದು ಕಡೆ ಬೋಲ್ಟ್. "ಇದರಾಗ ಏನ್ ಹಿಂಡ್ತೀರಿ ಸರ್?" ಅಂದ ಮಿಸ್ತ್ರಿ. "ಡಾಂಬರ ಗುಳಿಗಿ" ಅಂದೆ. ನಕ್ಕು ಸುಮ್ನಾದ.

ಗುಳಿಗೆ ಕೊಳ್ಳುವಾಗ ಹುಷಾರು. ಕೆಲವು ಪ್ಯಾಕೆಟ್‌ಗಳಲ್ಲಿ ಇರುವುದು ನಾಫ್ತಲೀನ್ ಅಲ್ಲ, ಪ್ಯಾರಾಡೈಕ್ಲೋರೋಬೆಂಜೀನ್. 532 ನ್ಯಾನೋಮೀಟರ್‌ನ ಹಸಿರು ಲೇಸರ್ ಬಿಟ್ಟು ನೋಡಿದೆ. ಅಣುಗಳ ಕಂಪನದಿಂದಾಗಿ ಸ್ವಲ್ಪ ಬೆಳಕು ಬಣ್ಣ ಬದಲಿಸಿ ಬರುತ್ತದೆ (ರಾಮನ್ ಪರಿಣಾಮ), ಒಂದೊಂದು ಕಂಪನಕ್ಕೆ ಒಂದೊಂದು ಗೆರೆ. 764 ಮತ್ತು 1382ರಲ್ಲಿ ಚೂಪಾದ ಗೆರೆಗಳು ಬಂದವು (ಗೆರೆ ಲೇಸರ್‌ನ ಬಣ್ಣದಿಂದ ಎಷ್ಟು ಸರಿದಿದೆ ಅನ್ನುವ ಅಳತೆ, ಪ್ರತಿ ಸೆಂಟಿಮೀಟರ್‌ಗೆ ತರಂಗಸಂಖ್ಯೆಯಲ್ಲಿ). ನಾಫ್ತಲೀನೇ, ಖಾತ್ರಿ. 418ರ ಹತ್ತಿರ ಇನ್ನೊಂದು ಗೆರೆ ಇತ್ತು, ಅದು ಸಫೈರ್‌ದು. ಅಳತೆ ಕೂಡಿಸಲು ಪುಕ್ಕಟೆ ಗುರುತು ಸಿಕ್ಕಂತಾಯಿತು.

ಬೋಲ್ಟ್ ಬಿಗಿ ಮಾಡಿದೆ. 764 ಜಗ್ಗಲಿಲ್ಲ. ಬೇಜಾರಾಗಲಿಲ್ಲ, ಯಾಕಂದ್ರೆ ಅದು ಅಣುವಿನ ಒಳಗಿನ ಕಂಪನ. ಅಲ್ಲಿನ ಬಂಧ ಗಟ್ಟಿ. ಉಳ್ಳಾಗಡ್ಡಿ ಚೀಲ ಒತ್ತಿದರೆ ಮೊದಲು ಕಿರಿದಾಗುವುದು ಗಡ್ಡೆಗಳ ನಡುವಿನ ಸಂದು, ಗಡ್ಡೆಯಲ್ಲ. ಹಾಗೇ ಇಲ್ಲೂ. ಇಡೀ ಅಣುಗಳು ಒಂದರ ಪಕ್ಕ ಒಂದು ತೂಗಾಡುವ ಕಂಪನಗಳು ಒತ್ತಡಕ್ಕೆ ಬೇಗ ಸರಿಯುತ್ತವೆ. ನಾಫ್ತಲೀನ್‌ನಲ್ಲಿ ಅವು 130ರ ಒಳಗೇ ಇವೆ.

ತೊಡಕು ಇರುವುದೂ ಅಲ್ಲೇ. 109ರ ಸುತ್ತಲಿನ ಗೆರೆ ಬೀಳುವುದು 535.1 ನ್ಯಾನೋಮೀಟರ್‌ನಲ್ಲಿ, ಲೇಸರ್‌ನಿಂದ ಮೂರೇ ಹೆಜ್ಜೆ ದೂರ. ಲೇಸರ್ ಬೆಳಕು ತಡೆಯಲು ಕ್ಯಾಮೆರಾ ಮುಂದೆ ಇಟ್ಟ ನನ್ನ ಫಿಲ್ಟರ್ ಬೆಳಕು ಬಿಡುವುದೇ 540 ನ್ಯಾನೋಮೀಟರ್ ನಂತರ. ಅಂದರೆ ಒತ್ತಡ ಜಾಸ್ತಿ ಮಾತಾಡುವ ಜಾಗದಲ್ಲೇ ನನ್ನ ಯಂತ್ರಕ್ಕೆ ಕಿವುಡು!

ಇಂಥ ಫಿಲ್ಟರ್ ಓರೆ ಮಾಡಿದರೆ ಅದರ ಅಂಚು ಕಡಿಮೆ ತರಂಗಾಂತರದ ಕಡೆ ಸರಿಯುತ್ತದೆ. ಕಡತಕ್ಕೆ ಹಾಕುವ ಕ್ಲಿಪ್ಪಿನಲ್ಲಿ ಫಿಲ್ಟರ್ ಸಿಕ್ಕಿಸಿ, ಪರೀಕ್ಷೆಗೆಂದು ಸೆಲ್‌ನಲ್ಲಿ ಗಂಧಕದ ಪುಡಿ ತುಂಬಿ, ಫಿಲ್ಟರ್ ಮೆಲ್ಲಗೆ ತಿರುಗಿಸಿದೆ. ಗಂಧಕದ ಗೆರೆಗಳಲ್ಲಿ ಮೊದಲು 473 ಒಂದೇ ಇತ್ತು. 15 ಡಿಗ್ರಿ ಹತ್ತಿರ ಬಂದಾಗ 219 ಎದ್ದು ನಿಂತಿತು. ಗಂಧಕವೂ ನಾಫ್ತಲೀನ್ ಹಾಗೆ ಅಣುಗಳು ಜೋಡಿಸಿಕೊಂಡ ಹರಳೇ, ಒಂದೊಂದು ಅಣುವೂ ಎಂಟು ಪರಮಾಣುಗಳ ಉಂಗುರ. ಇನ್ನೂ ತಿರುಗಿಸಿದರೆ ಲೇಸರ್ ನುಗ್ಗಿ ಕ್ಯಾಮೆರಾ ಪೂರ್ತಿ ಬೆಳ್ಳಗಾಗುತ್ತದೆ.

ಲ್ಯಾಬ್‌ಗಳಲ್ಲಿ ಎರಡು ವಜ್ರಗಳ ನಡುವೆ ಹಿಂಡಿ, ಜೊತೆಗಿಟ್ಟ ಮಾಣಿಕ್ಯದ ಹರಳಿನ ಹೊಳಪಿನ ತರಂಗಾಂತರ ಎಷ್ಟು ಸರಿಯಿತು ಅಂತ ನೋಡಿ ಒತ್ತಡ ಅಳೆಯುತ್ತಾರೆ: ಒಂದು ಗಿಗಾಪಾಸ್ಕಲ್‌ಗೆ (ಗಾಳಿಯ ಒತ್ತಡದ ಸುಮಾರು ಹತ್ತು ಸಾವಿರ ಪಟ್ಟು) ಸುಮಾರು 0.36 ನ್ಯಾನೋಮೀಟರ್. ನನ್ನ ಬೋಲ್ಟ್ ಅದರ ಹತ್ತಿರಕ್ಕೂ ಹೋಗಲ್ಲ ಬಿಡಿ. ಮುಂದಿನ ಸಲ ಎರಡು ಫಿಲ್ಟರ್ ಒಂದರ ಹಿಂದೆ ಒಂದು, ಎರಡೂ ಓರೆಯಾಗಿ. ಗಂಧಕದ 153 ಕಂಡರೆ ಮತ್ತೆ ನಾಫ್ತಲೀನ್‌ಗೆ ಬರುತ್ತೇನೆ. ಹಸಿರು ಲೇಸರ್‌ಗೆಂದೇ ಇರುವ ಕನ್ನಡಕ ಇಲ್ಲದೆ ಯಾರೂ ಇದಕ್ಕೆ ಕೈ ಹಾಕಬೇಡಿ.