ಜಜ್ಜಿದ ಬಾಟಲಿ, ಹೊತ್ತಿಸದ ಒಲೆ

ನೀರು ಕುಡಿದು ಮುಗಿದ ಮೇಲೆ ಪ್ಲಾಸ್ಟಿಕ್ ಬಾಟಲಿಯನ್ನು ಜಜ್ಜಿ ಎಸೆಯುವುದು ನನ್ನ ರೂಢಿ. ನಮ್ಮಲ್ಲಿ ಬಾಟಲಿಯ ಮೇಲೇ ಹಾಗೆ ಮಾಡಿ ಎಂದು ಬರೆದಿರುತ್ತದೆ. ಇಲ್ಲದಿದ್ದರೆ ಯಾರಾದರೂ ನಲ್ಲಿ ನೀರು ತುಂಬಿಸಿ ಮತ್ತೆ ಮಾರಿಬಿಟ್ಟಾರು. 2024ರ ಮೇ ತಿಂಗಳಲ್ಲಿ ಜರ್ಮನಿಯ ಫ್ರೈಬುರ್ಗ್‌ನಲ್ಲಿರುವ ತಂಗಿಯ ಮಗನ ಮನೆಗೆ ಹೋದೆ. ಮೂರನೇ ದಿನ, ಅಡುಗೆಮನೆಯ ಮೂಲೆಯಲ್ಲಿ ಕೂಡಿಟ್ಟಿದ್ದ ಎಂಟು ಬಾಟಲಿಗಳನ್ನು ಹೀಗೆಯೇ ಚೊಕ್ಕವಾಗಿ ಜಜ್ಜಿ ಚೀಲಕ್ಕೆ ತುಂಬಿದೆ. ಮನೆಗೆಲಸಕ್ಕೆ ಒಂದು ಕೈ ಜೋಡಿಸಿದ ಸಮಾಧಾನ ನನಗೆ. ಸಂಜೆ ಬಂದವನು ಚೀಲ ನೋಡಿ ತಲೆ ಮೇಲೆ ಕೈ ಹೊತ್ತ. “ದೊಡ್ಡಮ್ಮ, ಎರಡು ಯೂರೋ ಹೋಯ್ತಲ್ಲ!”

ಬಾಟಲಿಯೊಂದಕ್ಕೆ 25 ಸೆಂಟ್ ಠೇವಣಿ. ಅದಕ್ಕೆ ಅಲ್ಲಿ ‘ಪ್ಫಾಂಡ್’ ಎನ್ನುತ್ತಾರೆ. ನೀರು ಕೊಳ್ಳುವಾಗಲೇ ಅದನ್ನು ಸೇರಿಸಿ ವಸೂಲಿ ಮಾಡಿರುತ್ತಾರೆ. ಖಾಲಿ ಬಾಟಲಿಯನ್ನು ಸೂಪರ್ ಮಾರ್ಕೆಟ್ಟಿನ ಯಂತ್ರದ ಬಾಯಿಗೆ ಇಟ್ಟರೆ ಅದು ಬಾಟಲಿಯ ಮೇಲಿನ ಬಾರ್‌ಕೋಡ್ ಪಟ್ಟಿ ಓದಿ ಚೀಟಿ ಕೊಡುತ್ತದೆ. ಚೀಟಿ ಕೊಟ್ಟರೆ ಕೌಂಟರಿನಲ್ಲಿ ದುಡ್ಡು. ಜಜ್ಜಿದ ಬಾಟಲಿಯ ಪಟ್ಟಿ ಓದಲಾಗದೆ ಯಂತ್ರ ಅದನ್ನು ಹೊರಗೆ ಉಗುಳುತ್ತದೆ. ನನ್ನ ಎಂಟನ್ನೂ ಉಗುಳಿತು. ಊದಿ ಉಬ್ಬಿಸಿ ಮತ್ತೆ ಕೊಟ್ಟೆ. ಹಿಂದೆ ಸರತಿಯಲ್ಲಿ ನಿಂತಿದ್ದವರು ಬಾಯಿ ಬಿಡದೆ ನೋಡಿದರು. ಎರಡು ದಾಟಿದವು, ಆರು ನನ್ನ ಪಾಲಿಗೇ ಉಳಿದವು.

ನಾನು ಚಿಕ್ಕವಳಿದ್ದಾಗ ಯಲ್ಲಾಪುರದ ಅಂಗಡಿಯಲ್ಲಿ ಗೋಲಿ ಸೋಡಾ ಬಾಟಲಿ ಮನೆಗೆ ಒಯ್ಯಬೇಕಿದ್ದರೆ ದುಡ್ಡು ಇಟ್ಟು ಹೋಗಬೇಕಿತ್ತು. ಅದೇ ಲೆಕ್ಕ ಇದು. ಬೀರಿನ ಗಾಜಿನ ಸೀಸೆಗೆ ಜರ್ಮನಿಯಲ್ಲಿ 8 ಸೆಂಟ್. ಅದನ್ನು ತೊಳೆದು ಮತ್ತೆ ತುಂಬುತ್ತಾರೆ. ನನ್ನನ್ನು ಹೆಚ್ಚು ಕಾಡಿದ್ದು ಮಾತ್ರ ಬೇರೆಯದು. ರಸ್ತೆ ಬದಿಯ ಕಸದ ಡಬ್ಬಿಗಳ ಬುಡದಲ್ಲಿ ಜನ ಖಾಲಿ ಬಾಟಲಿಗಳನ್ನು ಸಾಲಾಗಿ ನಿಲ್ಲಿಸಿ ಹೋಗುತ್ತಾರೆ. ಒಳಗೆ ಹಾಕುವುದಿಲ್ಲ. ಏಕೆ ಎಂದು ತಂಗಿಯ ಮಗನನ್ನು ಕೇಳಿದೆ. “ಆರಿಸಿಕೊಂಡು ಹೋಗುವವರು ಕಸದೊಳಗೆ ಕೈ ಹಾಕಬಾರದಲ್ಲ.” ಆರಿಸಲು ಬಂದವರಲ್ಲಿ ಒಬ್ಬರು, ಇಸ್ತ್ರಿ ಮಾಡಿದ ಕೋಟು ತೊಟ್ಟಿದ್ದ ನನ್ನ ವಯಸ್ಸಿನ ಹೆಂಗಸು. ಶ್ರೀಮಂತ ದೇಶದ ಮರುಬಳಕೆಯಲ್ಲಿ ಇವರ ದುಡಿಮೆಯೂ ಸೇರಿದೆ. ನಾನು ನೋಡಿದ್ದ ಹೊಗಳಿಕೆಯ ವಿಡಿಯೋಗಳಲ್ಲಿ ಅವರು ಇರಲಿಲ್ಲ.

ಎರಡನೇ ತಪ್ಪು ಭಾನುವಾರದ್ದು. ಠೇವಣಿ ಇಲ್ಲದ ಜಾಮು, ಉಪ್ಪಿನಕಾಯಿ ಸೀಸೆಗಳನ್ನು ಬಿಳಿ, ಹಸಿರು, ಕಂದು ಎಂದು ಬಣ್ಣ ನೋಡಿ ಬೀದಿಯ ದೊಡ್ಡ ಡಬ್ಬಿಗಳಿಗೆ ಹಾಕಬೇಕು. ಬೆಳಿಗ್ಗೆ ವಾಕಿಂಗ್ ಹೊರಟವಳು ಅವನ್ನೂ ಒಯ್ದೆ. ಮೊದಲ ಸೀಸೆ ಠಳ್ಳೆಂದಿತು. ಮೇಲಿನ ಬಾಲ್ಕನಿಯಿಂದ ಅಜ್ಜನೊಬ್ಬ ಬೆರಳಾಡಿಸುತ್ತ “ಝೊನ್‌ಟಾಗ್!” ಎಂದ. ಭಾನುವಾರ. ಆ ದಿನ ಸದ್ದು ಮಾಡಕೂಡದು, ಪರಿಸರ ಉಳಿಸುವ ಸದ್ದನ್ನೂ. ಉಳಿದ ಸೀಸೆಗಳನ್ನು ಹಸುಗೂಸಿನಂತೆ ಎದೆಗವಚಿಕೊಂಡು ವಾಪಸಾದೆ.

ಹಳೆಯ ಪೇಟೆಯ ಬೀದಿಗಳ ಅಂಚಿನಲ್ಲಿ ಗೇಣಗಲದ ತೋಡುಗಳು ಹರಿಯುತ್ತವೆ. ‘ಬೆಷ್ಲೆ’ ಎಂದು ಹೆಸರು. ಅಡಿಕೆ ತೋಟದ ಕಾದಿಗೆಯನ್ನೇ ಕಲ್ಲಲ್ಲಿ ಕಟ್ಟಿ ಪೇಟೆಗೆ ತಂದಂತಿದೆ. ಗೊತ್ತಿಲ್ಲದೆ ಕಾಲಿಟ್ಟರೆ ಫ್ರೈಬುರ್ಗ್‌ನವರನ್ನೇ ಮದುವೆಯಾಗುತ್ತಾರೆಂಬ ನಂಬಿಕೆಯಿದೆ. ನಾನು ಎಚ್ಚರಿಕೆಯಿಂದಲೇ ನಡೆದೆ.

ಟ್ರಾಮಿನಲ್ಲಿ ವೋಬಾನ್ ಬಡಾವಣೆಗೆ ಹೋದೆವು. ಹಳಿಗಳ ನಡುವೆ ಹುಲ್ಲು ಬೆಳೆಸಿದ್ದಾರೆ, ಟ್ರಾಮಿನ ಸದ್ದು ಅದರಲ್ಲಿ ಅರ್ಧ ಇಂಗುತ್ತದೆ. 1992ರವರೆಗೆ ಇಲ್ಲಿ ಫ್ರೆಂಚ್ ಸೈನ್ಯದ ಬ್ಯಾರಕ್‌ಗಳಿದ್ದವು. ಹೆಸರೂ ಕೋಟೆ ಕಟ್ಟುತ್ತಿದ್ದ ಫ್ರೆಂಚ್ ಎಂಜಿನಿಯರನದು. ಸೈನ್ಯ ಹೋದ ಮೇಲೆ ಊರಿನವರು ಕೂತು ಚರ್ಚಿಸಿ, ಜಗಳಾಡಿ, ಈ ಬಡಾವಣೆ ಕಟ್ಟಿಕೊಂಡರು. ಬಹುಪಾಲು ಮನೆಗಳ ಮುಂದೆ ಕಾರು ನಿಲ್ಲಿಸುವ ಜಾಗವೇ ಇಲ್ಲ. ಕಾರು ಬೇಕೆಂದವರು ಅಂಚಿನ ಬಹುಮಹಡಿ ಗ್ಯಾರೇಜಿನಲ್ಲಿ ಜಾಗ ಕೊಳ್ಳಬೇಕು, ಅದಕ್ಕೆ ಹತ್ತು ಸಾವಿರ ಯೂರೋಗೂ ಹೆಚ್ಚು. ಬೇಡವೆಂದವರು ಕಾರಿಲ್ಲವೆಂದು ಬರೆದುಕೊಡಬೇಕು. ಬೀದಿಯಲ್ಲಿ ಹುಡುಗರು ಸೀಮೆಸುಣ್ಣದಲ್ಲಿ ಏನೋ ಗೀಚುತ್ತಿದ್ದರು. ಸಾಮಾನು ಇಳಿಸಲು ಬಂದ ವ್ಯಾನೊಂದು ನಡಿಗೆಯ ವೇಗದಲ್ಲಿ ಬಂದು, ಚಿತ್ರ ಮುಗಿಯುವ ತನಕ ಕಾಯಿತು. ಹಾರ್ನ್ ಇಲ್ಲ. ಅಷ್ಟು ಹೊತ್ತೂ ಚಡಪಡಿಸಿದವಳು ನಾನೊಬ್ಬಳೇ.

ಹತ್ತಿರದಲ್ಲೇ ಹೆಲಿಯೋಟ್ರೋಪ್ ಎಂಬ ಮನೆ. ವಾಸ್ತುಶಿಲ್ಪಿ ರೋಲ್ಫ್ ಡಿಶ್ 1994ರಲ್ಲಿ ತನಗಾಗಿ ಕಟ್ಟಿಕೊಂಡದ್ದು. ಸೂರ್ಯಕಾಂತಿಯ ಹಾಗೆ ಇಡೀ ಮನೆಯೇ ಬಿಸಿಲಿನತ್ತ ತಿರುಗುತ್ತದೆ. ನಾವು ನಿಂತಿದ್ದಷ್ಟು ಹೊತ್ತು ಕದಲಿದ್ದು ಕಾಣಲಿಲ್ಲ.

ಈ ಊರಿಗೆ ಹಸಿರಿನ ಹುಚ್ಚು ಹಿಡಿದದ್ದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಮರುದಿನ, ಕೈಸರ್‌ಷ್ಟೂಲ್ ಬೆಟ್ಟದ ದ್ರಾಕ್ಷಿ ತೋಟಗಳಲ್ಲಿ. ಅದರ ಆಚೆ, ರೈನ್ ನದಿಯ ದಂಡೆಯ ವೀಲ್ ಎಂಬ ಹಳ್ಳಿಯಲ್ಲಿ ಅಣುಸ್ಥಾವರ ಬರುವುದಿತ್ತು. ತಂಪು ಗೋಪುರಗಳ ಹಬೆ ಬಿಸಿಲಿಗೆ ಅಡ್ಡ ಬಂದರೆ ದ್ರಾಕ್ಷಿ ಹಣ್ಣಾಗದು ಎಂಬುದು ರೈತರ ಆತಂಕ. 1975ರ ಫೆಬ್ರುವರಿಯಲ್ಲಿ ಕೆಲಸ ಶುರುವಾದ ಮರುದಿನವೇ ಅವರು ಜಾಗಕ್ಕೆ ನುಗ್ಗಿದರು. ಪೊಲೀಸರು ಜಲಫಿರಂಗಿ ಹಾರಿಸಿ ಹೊರದಬ್ಬಿದರು. ಮೂರು ದಿನ ಬಿಟ್ಟು ಸುಮಾರು 28 ಸಾವಿರ ಜನ ಸೇರಿ ಮತ್ತೆ ವಶಕ್ಕೆ ತೆಗೆದುಕೊಂಡರು. “ನೈ ಹೆಮ್ಮರ್ ಗ್ಸೈಟ್” ಎಂಬುದು ಅವರ ಘೋಷಣೆ. ಪುಸ್ತಕದ ಜರ್ಮನ್ ಅಲ್ಲ, ಆ ಸೀಮೆಯ ಆಡುಮಾತು: ಬೇಡ ಅಂದ್ವಲ್ಲ! ಸ್ಥಾವರ ಬರಲೇ ಇಲ್ಲ. ಇಂದಿನ ಸೌರಫಲಕ, ಸೈಕಲ್ ದಾರಿಗಳ ಹಿಂದೆ ಆ ಫೆಬ್ರುವರಿಯ ಕೆಸರಿದೆ.

ನನಗೆ ಕೈಗಾ ನೆನಪಾಗದೆ ಇರುತ್ತದೆಯೇ? ಎಂಬತ್ತರ ದಶಕದಲ್ಲಿ ನಾವೂ ಬೇಡ ಅಂದವರೇ. ಕಾಳಿ ನದಿಯ ಕಾಡಿನಲ್ಲಿ ಅಣುಸ್ಥಾವರ ಬೇಡವೆಂದು ಘೋಷಣೆ ಕೂಗಿ ಗಂಟಲು ಕಟ್ಟಿಸಿಕೊಂಡ ಕಾಲೇಜು ಹುಡುಗಿಯರಲ್ಲಿ ನಾನೊಬ್ಬಳು. 1989ರ ಲೋಕಸಭಾ ಚುನಾವಣೆಗೆ ಶಿವರಾಮ ಕಾರಂತರು ಪರಿಸರದ ಮಾತನ್ನೇ ಹಿಡಿದು ನಮ್ಮ ಜಿಲ್ಲೆಯಿಂದ ನಿಂತರು, ಸೋತರು. 2000ದಿಂದ ಕೈಗಾ ಕರೆಂಟು ಕೊಡುತ್ತಿದೆ.

ತಂಗಿಯ ಮಗ ಲೆಕ್ಕದ ಮನುಷ್ಯ. “ಇಲ್ಲಿ ಕೊನೆಯ ಮೂರು ಅಣುಸ್ಥಾವರ 2023ರ ಏಪ್ರಿಲ್‌ನಲ್ಲಿ ಮುಚ್ಚಿದ್ರು ದೊಡ್ಡಮ್ಮ. ಅದೇ ವರ್ಷ ಜನವರಿಯಲ್ಲಿ ಲಿಗ್ನೈಟ್ ಕಲ್ಲಿದ್ದಲು ಅಗೆಯೋಕೆ ಲುಟ್ಸರಾಟ್ ಅನ್ನೋ ಹಳ್ಳಿ ಖಾಲಿ ಮಾಡಿಸಿದ್ರು. ಯಾವುದು ಹಸಿರು ಹೇಳಿ?” ನನಗೆ ಉತ್ತರ ಹೊಳೆಯಲಿಲ್ಲ. ದ್ರಾಕ್ಷಿ ಬೆಳೆಯುವವರ ಪಕ್ಷದಿಂದ ಕದಲುವ ಮನಸ್ಸೂ ಬರಲಿಲ್ಲ.

ಜೂನ್ ಮೊದಲ ವಾರ ಆಸ್ಟ್ರಿಯಾದ ವಿಯೆನ್ನಾಕ್ಕೆ ಹೋದೆವು. ಅಲ್ಲಿನ ನಲ್ಲಿ ನೀರು ಆಲ್ಪ್ಸ್ ಬೆಟ್ಟದ ಒರತೆಗಳದು, 1873ರಿಂದ ಕಾಲುವೆಯಲ್ಲಿ ಊರಿಗೆ ಬರುತ್ತಿದೆ. ನಾನು ಬಾಟಲಿ ಕೊಳ್ಳುವುದನ್ನೇ ಬಿಟ್ಟೆ. ಸ್ಪಿಟೆಲಾವ್ ಕಸ ಸುಡುವ ಸ್ಥಾವರಕ್ಕೆ 1987ರಲ್ಲಿ ಬೆಂಕಿ ಬಿದ್ದ ಮೇಲೆ ಹುಂಡರ್ಟ್‌ವಾಸರ್ ಎಂಬ ಕಲಾವಿದ ಅದಕ್ಕೆ ಹೊಸ ರೂಪ ಕೊಟ್ಟರು. ಚಿನ್ನದ ಗುಂಡು ಹೊತ್ತ ಕೊಳವೆ, ಬಣ್ಣದ ಕಿಟಕಿಗಳು. ಜಾತ್ರೆಯ ತೇರೊಂದು ಪೇಟೆಯ ನಡುವೆ ಸಿಕ್ಕಿಕೊಂಡಂತೆ. ಊರಿನ ಕಸ ಸುಟ್ಟ ಶಾಖ ಊರಿನ ಮನೆಗಳನ್ನೇ ಬೆಚ್ಚಗಿಡುತ್ತದೆ. ಎಲ್ಲರೂ ಫೋಟೋ ತೆಗೆಯುತ್ತಿದ್ದರು. ನನಗೆ ಬಣ್ಣ ಅತಿಯಾಯಿತು ಅನಿಸಿತು.

ನಾನು ನೋಡಲೇಬೇಕೆಂದು ಹಟ ಹಿಡಿದದ್ದು ಟ್ಸ್ವೆಂಟೆನ್‌ಡೋರ್ಫ್. ಟುಲ್ನ್‌ವರೆಗೆ ರೈಲು, ಅಲ್ಲಿಂದ ಬಸ್ಸು. ಡ್ಯಾನ್ಯೂಬ್ ದಂಡೆಯಲ್ಲಿ ಬೂದು ಬಣ್ಣದ ದೊಡ್ಡ ಕಟ್ಟಡ, ಎತ್ತರದ ಒಂದು ಚಿಮಣಿ. ಆಸ್ಟ್ರಿಯಾ ಈ ಅಣುಸ್ಥಾವರವನ್ನು ಪೂರ್ತಿ ಕಟ್ಟಿ ಮುಗಿಸಿ, ಆಮೇಲೆ ಜನರನ್ನು ಕೇಳಿತು. 1978ರ ನವೆಂಬರ್ 5ರ ಜನಮತದಲ್ಲಿ ಶೇ. 50.47 ಮಂದಿ ಬೇಡ ಎಂದರು. ಅಂತರ ಸುಮಾರು 30 ಸಾವಿರ ಮತ. ಹೊಸ ಒಲೆ ಹೂಡಿ, ಸಾರಿಸಿ, ರಂಗೋಲಿಯನ್ನೂ ಹಾಕಿ, ಬೆಂಕಿ ಹೊತ್ತಿಸದೆ ಎದ್ದು ಬಂದಂತೆ. ಒಳಗೆ ಹೋಗಲು ಮೊದಲೇ ಹೆಸರು ಬರೆಸಬೇಕಿತ್ತಂತೆ, ನಾವು ಬರೆಸಿರಲಿಲ್ಲ. ಬೇಲಿಯಾಚೆಯ ಸೌರಫಲಕಗಳನ್ನು ನೋಡುತ್ತ ಬುತ್ತಿಯ ಚಪಾತಿ ತಿಂದೆವು. ಸೈಕಲ್ ಸವಾರರು ಕಟ್ಟಡದತ್ತ ಕಣ್ಣೂ ಹಾಯಿಸದೆ ಹೋಗುತ್ತಿದ್ದರು.

ತಮ್ಮನಿಗೆ ಅದನ್ನು ತೋರಿಸಬೇಕು ಅನಿಸಿ ವಿಡಿಯೋ ಕಾಲ್ ಮಾಡಿದೆ. ಊರಲ್ಲಿ ಆಗ ರಾತ್ರಿ ಎಂಟೂವರೆ. ಅವನ ಮುಖ ಕಾಣಲಿಲ್ಲ, ಕತ್ತಲೆಯಲ್ಲಿ ಮಳೆಯ ಸದ್ದು ಮಾತ್ರ.

“ಲೈನ್ ಮೇಲೆ ಮರ ಬಿದ್ದಿದೆ ಅಕ್ಕಾ, ಬೆಳಗಿಂದ ಕರೆಂಟಿಲ್ಲ. ಮೊಬೈಲ್ ಆರಿಹೋಗ್ತದೆ, ನಾಳೆ ಮಾಡು.”