ಬ್ಯಾಂಜೊ ಕಟ್ಟಿದ ಕಾರುಗಳು

ನಿನ್ನೆಯಿಂದ ಬ್ಯಾಂಜೊ ಮ್ಯಾಥ್ಯೂಸ್ ತಲೆಯಲ್ಲಿ ಕೂತುಬಿಟ್ಟಿದ್ದಾರೆ. ಅಮೆರಿಕದ ನಾಸ್ಕಾರ್ ಅನ್ನೋ ಕಾರ್ ರೇಸಿನವರು. ನಿಜವಾದ ಹೆಸರು ಎಡ್ವಿನ್. ದಪ್ಪ ಗಾಜಿನ ಕನ್ನಡಕ ಹಾಕುತ್ತಿದ್ದರು, ಅದರಿಂದಲೇ ಬ್ಯಾಂಜೊ (ದುಂಡು ಮುಖದ ತಂತಿವಾದ್ಯ) ಅನ್ನೋ ಹೆಸರು ಅಂಟಿಕೊಂಡಿತಂತೆ.

ದೊಡ್ಡ ಸರಣಿಯಲ್ಲಿ ಸುಮಾರು 50 ರೇಸ್ ಓಡಿಸಿದರು. ಒಂದೂ ಗೆಲ್ಲಲಿಲ್ಲ. 1963ರ ಹೊತ್ತಿಗೆ ಸ್ಟೀರಿಂಗ್ ಬಿಟ್ಟು ಬೇರೆಯವರಿಗೆ ಕಾರು ಕಟ್ಟೋಕೆ ನಿಂತರು. ಉತ್ತರ ಕ್ಯಾರೊಲಿನಾದ ಆರ್ಡೆನ್‌ನಲ್ಲಿ ಅವರ ಶೆಡ್. ಆಮೇಲೆ ನೋಡಿ! 1974ರಿಂದ 1985ರವರೆಗೆ ನಡೆದ 362 ರೇಸ್‌ಗಳಲ್ಲಿ 262 ಗೆದ್ದಿದ್ದು ಅವರು ಕಟ್ಟಿದ ಕಾರುಗಳೇ. 1978ರಲ್ಲಂತೂ ಮೂವತ್ತಕ್ಕೆ ಮೂವತ್ತೂ! ಕಪ್ ಎತ್ತಿದವರು ಬೇರೆ, ಚಾಸಿ, ಅಂದರೆ ಕಾರಿನ ಅಸ್ಥಿಪಂಜರ, ಇವರದ್ದು.

ಈ ಕಾರುಗಳು ಹೆಸರಿಗೆ ಸ್ಟಾಕ್ ಕಾರು, ಅಂದರೆ ಶೋರೂಮಿನಲ್ಲಿ ಸಿಗೋ ಮಾಮೂಲಿ ಕಾರು, ಅಷ್ಟೇ. ಹೊರಗಿನ ತಗಡಿನೊಳಗೆ ಪೂರ್ತಿ ಉಕ್ಕಿನ ಪೈಪಿನ ಪಂಜರ. ಕಾರು ಗೋಡೆಗೆ ಬಡಿದರೆ ಡ್ರೈವರ್ ಜೀವ ಉಳಿಸೋದು ಅದೇ. ಒಂದೊಂದು ಬೆಸುಗೆಯೂ ಗಟ್ಟಿ ಇರಬೇಕು. ಆ ಸೀಟಲ್ಲಿ ಕೂತು ಓಡಿಸಿದವರಿಗೆ ಇದು ಯಾರೂ ಹೇಳಿಕೊಡಬೇಕಾಗಿಲ್ಲ ಅಲ್ವಾ?

ಇದೆಲ್ಲ ನೆನಪಾಗಿದ್ದು ನಿನ್ನೆ ಬೈಕಿನ ಸ್ಟ್ಯಾಂಡ್ ವೆಲ್ಡಿಂಗ್ ಮಾಡಿಸೋಕೆ ಹೋದಾಗ. ಮೇಸ್ತ್ರಿ ಸುತ್ತಿಗೆಯಿಂದ ಕಿಟ್ಟ ಉದುರಿಸಿದರು. ಬ್ರಷ್‌ನಿಂದ ಉಜ್ಜಿದರು. ಸ್ವಲ್ಪ ಆರಿದ ಮೇಲೆ ಹೆಬ್ಬೆರಳು ಆಡಿಸಿ ನೋಡಿದರು. ನನಗೆ ಚೆನ್ನಾಗೇ ಕಂಡಿತ್ತು. "ಇಲ್ಲ ಸಾರ್, ಇಲ್ಲೊಂಚೂರು ಹಿಡಿದಿಲ್ಲ" ಅಂತ ಮತ್ತೆ ಹೋಲ್ಡರ್ ಕೈಗೆತ್ತಿಕೊಂಡರು.