ಅಕೌಂಟ್ ತೆಗೆಯೋಕೆ ಹೋಗಿ ಅಂಚೆ ಡಬ್ಬಕ್ಕೆ ಹೆಸ್ರು ಅಂಟಿಸಿದ್ದು

2023ರ ಸೆಪ್ಟೆಂಬರ್ ಕೊನೇಲಿ ಜರ್ಮನಿಗೆ ಓದೋಕೆ ಬಂದಿಳಿದಾಗ ನನ್ನ ಹತ್ರ ದುಡ್ಡಿರ್ಲಿಲ್ಲ ಅಂತಲ್ಲ, ಇತ್ತು, 11,208 ಯೂರೋ ಇತ್ತು, ಆದ್ರೆ ಮುಟ್ಟೋ ಹಾಗಿರ್ಲಿಲ್ಲ ಅಷ್ಟೇ. ಸ್ಟೂಡೆಂಟ್ ವೀಸಾ ಬೇಕು ಅಂದ್ರೆ ಒಂದು ವರ್ಷದ ಖರ್ಚನ್ನ ಮೊದ್ಲೇ ಷ್ಪೆರ್‌ಕೊಂಟೊ ಅನ್ನೋ ಬ್ಲಾಕ್ಡ್ ಅಕೌಂಟಲ್ಲಿ ಇಟ್ಟು ತೋರಿಸ್ಬೇಕು, ಇಲ್ಲಿಗೆ ಬಂದ್ಮೇಲೆ ಅದು ತಿಂಗಳಿಗೆ ಇಷ್ಟು ಅಂತ ಸಣ್ಣ ನಲ್ಲೀಲಿ ಬಿಟ್ಟ ಹಾಗೆ ಬರತ್ತೆ. ನಮ್ಮ ಕಾಲಕ್ಕೆ ತಿಂಗಳಿಗೆ 934 ಯೂರೋ ಇತ್ತು, 2024ರ ಸೆಪ್ಟೆಂಬರಿಂದ 992 ಮಾಡಿದ್ರು. ಸರಿ, ಬರತ್ತೆ, ಎಲ್ಲಿಗೆ ಬರತ್ತೆ? ನಮ್ಮ ಹೆಸ್ರಲ್ಲಿರೋ ಮಾಮೂಲಿ ಕರೆಂಟ್ ಅಕೌಂಟಿಗೆ. ಇಲ್ಲಿ ಅದನ್ನ ಗೀರೋಕೊಂಟೊ ಅಂತಾರೆ. ಅದು ನನ್ನ ಹತ್ರ ಇರ್ಲಿಲ್ಲ.

ಅಕೌಂಟ್ ತೆಗೆಯೋಕೆ ಹೋದ್ರೆ ಆನ್‌ಮೆಲ್ಡುಂಗ್ ಪೇಪರ್ ತೋರ್ಸಿ ಅಂದ್ರು. ಅಂದ್ರೆ ನಾನು ಈ ಊರಲ್ಲಿ ಈ ಮನೇಲಿ ಇದೀನಿ ಅಂತ ಊರಿನ ಆಫೀಸಲ್ಲಿ ಹೆಸ್ರು ಬರೆಸೋದು, ಮನೆಗೆ ಬಂದ ಎರಡು ವಾರದೊಳಗೆ ಮಾಡ್ಬೇಕು ಅಂತ ರೂಲ್ಸು. ಅದಕ್ಕೆ ಮನೆ ಓನರ್ ಸಹಿ ಹಾಕಿದ ಕಾಗದ ಬೇಕು. ಓನರ್ ಸಹಿ ಹಾಕೋಕೆ ಮುಂಚೆ ಡೆಪಾಸಿಟ್ಟು, ಮೊದಲ ಬಾಡಿಗೆ ಟ್ರಾನ್ಸ್‌ಫರ್ ಮಾಡು ಅಂದ. ಕ್ಯಾಶ್ ಕೊಡ್ಲಾ ಅಂದ್ರೆ ಬೇಡ್ವಂತೆ. ಟ್ರಾನ್ಸ್‌ಫರ್ ಮಾಡೋಕೆ ಅಕೌಂಟ್ ಎಲ್ಲಿದೆ? ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ ಅಂತಾರಲ್ಲ, ಅದೇ ಕಥೆ. ಕೊನೆಗೆ ಯೂನಿವರ್ಸಿಟೀಲಿ ಪರಿಚಯ ಆದ ಕನ್ನಡದವರೇ ಒಬ್ರು ಸೀನಿಯರ್ ಅಕ್ಕ ತಮ್ಮ ಅಕೌಂಟಿಂದ ಕಳ್ಸಿದ್ರು, ನಾನು ಅವ್ರಿಗೆ ಕೈಯಲ್ಲಿದ್ದ ನೋಟೆಲ್ಲ ಎಣಿಸಿ ಕೊಟ್ಟೆ, ಮಿಕ್ಕಿದ್ದು ಸಾಲ. ಆ ಸಾಲ ತೀರಿದ್ದು ಡಿಸೆಂಬರಲ್ಲಿ.

ಹಾಗೆ ಆನ್‌ಮೆಲ್ಡುಂಗ್ ಮುಗಿಸ್ಕೊಂಡು ಮೊದ್ಲು ಟ್ರೈ ಮಾಡಿದ್ದು ಮೊಬೈಲ್ ಆಪ್ ಬ್ಯಾಂಕು. ಎಂಟೇ ನಿಮಿಷ ಸಾಕು ಅಂತ ದೊಡ್ಡದಾಗಿ ಬರ್ದಿತ್ತು. ವಿಡಿಯೋ ಕಾಲಲ್ಲಿ ಪಾಸ್‌ಪೋರ್ಟ್ ಹಿಡಿದು ಆ ಕಡೆ ಓರೆ ಮಾಡಿ ಈ ಕಡೆ ಓರೆ ಮಾಡಿ ಅಂತ ಕುಣಿಸಿ, ಆಮೇಲೆ ಆ ಹುಡುಗ ಬೇಜಾರಲ್ಲೇ ಹೇಳ್ದ, ಈ ಪಾಸ್‌ಪೋರ್ಟು ವಿಡಿಯೋ ವೆರಿಫಿಕೇಶನ್ನಿಗೆ ನಡೆಯಲ್ಲ ಅಂತ. ಇನ್ನೊಂದು ಬ್ಯಾಂಕಿನ ಬ್ರಾಂಚಿಗೇ ಹೋದೆ. ರೆಸಿಡೆನ್ಸ್ ಪರ್ಮಿಟ್ ಕಾರ್ಡ್ ಬರ್ಲಿ ಆಮೇಲೆ ನೋಡೋಣ ಅಂದ್ರು. ಆ ಕಾರ್ಡು ಬರೋಕೆ ತಿಂಗಳುಗಟ್ಟಲೆ ಆಗತ್ತೆ, ಕೈಯಲ್ಲಿರೋ ವೀಸಾ ಪೂರ್ತಿ ಕಾನೂನುಬದ್ಧ, ಅವ್ರಿಗೆ ಅದು ಗೊತ್ತು, ಆದ್ರೂ.

ಅಕ್ಕ ಕೇಳಿ ನಕ್ಬಿಟ್ರು. "ನೀನ್ಯಾಕೋ ಬೇಡ್ಕೊಳ್ತಾ ನಿಂತೆ? ಬಾಸಿಸ್‌ಕೊಂಟೊ ಕೊಡಿ ಅಂತ ಆ ಪದಾನೇ ಹೇಳು. ಆಗಲ್ಲ ಅಂದ್ರೆ, ಯಾಕಾಗಲ್ಲ ಅಂತ ಬರ್ದು ಕೊಡಿ ಅನ್ನು."

ಅದೇನಪ್ಪಾ ಅಂದ್ರೆ, 2016ರ ಜೂನಿಂದ ಇಲ್ಲೊಂದು ಕಾನೂನಿದೆ. ಯುರೋಪಿಯನ್ ಯೂನಿಯನ್ನಲ್ಲಿ ಕಾನೂನು ಪ್ರಕಾರ ಇರೋ ಯಾರಿಗೇ ಆಗ್ಲಿ, ಮನೆ ಇಲ್ದೋರಿಗೂ, ಆಶ್ರಯ ಕೇಳ್ಕೊಂಡು ಬಂದೋರಿಗೂ, ಒಂದು ಬೇಸಿಕ್ ಅಕೌಂಟ್ ಕೊಡ್ಲೇಬೇಕು, ಪೂರ್ತಿ ಅರ್ಜಿ ಕೈಗೆ ಬಂದ್ಮೇಲೆ ಹತ್ತು ವರ್ಕಿಂಗ್ ಡೇ ಒಳಗೆ. ಕೊಡಲ್ಲ ಅಂದ್ರೆ ಬಾಫಿನ್ ಅಂತ ಇದೆ, ಬ್ಯಾಂಕುಗಳ ಮೇಲೆ ಕಣ್ಣಿಡೋ ಸರ್ಕಾರಿ ಸಂಸ್ಥೆ, ಅಲ್ಲಿಗೆ ಬರೀಬಹುದು. ಪುಕ್ಕಟೆ ಅಲ್ಲ, ತಿಂಗಳಿಗೆ ಚಾರ್ಜ್ ಇರತ್ತೆ, ಓವರ್‌ಡ್ರಾಫ್ಟ್ ಕೇಳೋ ಹಾಗಿಲ್ಲ, ಆದ್ರೆ ಸಂಬಳ ಬರತ್ತೆ ಬಾಡಿಗೆ ಹೋಗತ್ತೆ ಕಾರ್ಡ್ ಸಿಗತ್ತೆ, ಇನ್ನೇನು ಬೇಕು. ನಿಜ ಹೇಳ್ಬೇಕಂದ್ರೆ ಮೂರನೇ ಬ್ಯಾಂಕಿಗೆ ಹೋಗಿ ಆ ಪದ ಬಾಯಿಂದ ಹೊರಗೆ ಬರ್ತಿದ್ದ ಹಾಗೇ ಕೌಂಟರಲ್ಲಿದ್ದ ಹೆಂಗಸಿನ ಮುಖದಲ್ಲಿ, ಓ ಇವನಿಗೆ ಯಾರೋ ಹೇಳ್ಕೊಟ್ಟಿದಾರೆ ಅನ್ನೋ ತರ ಒಂದು ನಗು ಬಂತು. ಬನ್ನಿ ಕೂತ್ಕೊಳಿ ಅಂದ್ರು. ಆಮೇಲೆ ನೋಡಿದ್ರೆ ಮಾಮೂಲಿ ಸ್ಟೂಡೆಂಟ್ ಅಕೌಂಟನ್ನೇ ಕೊಟ್ರು.

ಕೂತ್ಕೊಂಡ್ಮೇಲೆ ಶುರುವಾಯ್ತು ಹೆಸ್ರಿನ ಕಥೆ. ನಮ್ಮ ಪಾಸ್‌ಪೋರ್ಟಲ್ಲಿ ಸರ್‌ನೇಮಿಗೊಂದು ಗಿವನ್ ನೇಮಿಗೊಂದು ಅಂತ ಎರಡು ಜಾಗ ಇರತ್ತಲ್ಲ, ನನ್ನದ್ರಲ್ಲಿ ಸರ್‌ನೇಮ್ ಜಾಗ ಖಾಲಿ. ನನ್ನ ಹೆಸ್ರು, ಅಪ್ಪನ ಹೆಸ್ರು ಎರಡೂ ಸೇರ್ಸಿ ಕೆಳಗಡೆ ಒಂದೇ ಸಾಲಲ್ಲಿ ಇದೆ. ಮಾಡ್ಸೋವಾಗ ಇನಿಶಿಯಲ್ ಬಿಡಿಸಿ ಬರೀಬೇಕು ಅಂದ್ರು, ಬರ್ದ್ವಿ, ಯಾರು ಅಷ್ಟೆಲ್ಲ ಯೋಚ್ನೆ ಮಾಡಿದ್ರು. ಬ್ಯಾಂಕಿನ ಕಂಪ್ಯೂಟರ್ ಮಾತ್ರ ಫ್ಯಾಮಿಲಿ ನೇಮ್ ಖಾಲಿ ಬಿಟ್ರೆ ಮುಂದಕ್ಕೇ ಹೋಗ್ತಿಲ್ಲ. ಆಕೆ ಒಂದು ಡ್ಯಾಶ್ ಹಾಕಿದ್ರು, ಕೆಂಪು ಬಂತು. ಚುಕ್ಕಿ ಹಾಕಿದ್ರು, ಕೆಂಪು. ನನ್ನ ಕಡೆ ತಿರುಗಿ "ಇದ್ರಲ್ಲಿ ನಿಮ್ಮ ಮನೆತನದ ಹೆಸ್ರು ಯಾವ್ದು?" ಅಂತ ಕೇಳಿದ್ರು. ಯಾವ್ದೂ ಅಲ್ಲ, ಒಂದು ನಂದು ಒಂದು ಅಪ್ಪಂದು ಅಂದೆ. "ಹಾಗಾದ್ರೆ ನಿಮ್ಮಪ್ಪನ ಫ್ಯಾಮಿಲಿ ನೇಮ್?" ಅವ್ರಿಗೂ ಇಲ್ಲ. ಅವ್ರದ್ದಕ್ಕೆ ತಾತನ ಹೆಸ್ರು ಅಂಟ್ಕೊಂಡಿದೆ. ಆಕೆ ಪೆನ್ನು ಕೆಳಗಿಟ್ಟು ಒಂದ್ನಿಮಿಷ ಸುಮ್ನೆ ಕೂತ್ರು. ಕೊನೆಗೆ ಹೆಸ್ರನ್ನ ಮಧ್ಯಕ್ಕೆ ಕತ್ತರಿಸಿ ಮೊದ್ಲ ತುಂಡು ಫಸ್ಟ್ ನೇಮು, ಎರಡನೇ ತುಂಡು ಫ್ಯಾಮಿಲಿ ನೇಮು ಅಂತ ಮಾಡಿ ಎಂಟರ್ ಒತ್ತಿದ್ರು, ಹಸಿರು ಬಂತು. ಅವತ್ತಿಂದ ಈ ದೇಶದಲ್ಲಿ ನನ್ನನ್ನ ಅಪ್ಪನ ಹೆಸ್ರಲ್ಲೇ ಕೂಗೋದು, ಹೆರ್ ಅಂದ್ರೆ ಶ್ರೀಯುತರು, ಅದ್ರ ಪಕ್ಕ ಅಪ್ಪನ ಹೆಸ್ರು. ಮೊದಮೊದ್ಲು ಕ್ಲಿನಿಕಲ್ಲಿ ಕೂಗಿದ್ರೆ ಅಪ್ಪ ಎಲ್ಲೋ ಹಿಂದೆ ಕೂತಿದಾರೇನೋ ಅಂತ ತಿರುಗಿ ನೋಡ್ತಿದ್ದೆ. ವಿಳಾಸ ಬರೆಸಿದ ಆಫೀಸಲ್ಲಿ ಮಾತ್ರ ಇದಕ್ಕೆ ಉಲ್ಟಾ, ಪೂರ್ತಿ ಹೆಸ್ರನ್ನ ಫ್ಯಾಮಿಲಿ ನೇಮಿಗೇ ತುಂಬಿದ್ರು. ಆಗ ನಾನು ಅದನ್ನ ಗಮನಿಸ್ಲೇ ಇಲ್ಲ.

ಜೊತೆಗೆ ಇನ್ನೊಂದು ಫಾರಂ, ನೀವು ಯಾವ್ಯಾವ ದೇಶದಲ್ಲಿ ಟ್ಯಾಕ್ಸ್ ಕಟ್ತೀರಿ ಅಂತ. ಸಹಿ ಮಾಡ್ದೆ. ಹನ್ನೊಂದು ಅಂಕಿಯ ಟ್ಯಾಕ್ಸ್ ಐಡಿ ಅಂಚೇಲಿ ಬರತ್ತೆ, ಬಂದ್ಮೇಲೆ ತಿಳಿಸಿ ಅಂದ್ರು. ಕಾರ್ಡ್ ಅಂಚೇಲಿ ಬರತ್ತೆ. ಪಿನ್ ಬೇರೆ ಕವರಲ್ಲಿ, ಅಂಚೇಲಿ. ಆನ್‌ಲೈನ್ ಬ್ಯಾಂಕಿಂಗಿನ ಆಕ್ಟಿವೇಶನ್ ಕೋಡು, ಅದೂ ಅಂಚೇಲಿ! ಇಲ್ಲಿ ಎಲ್ಲ ಬರೋದು ಕಾಗದದಲ್ಲೇ.

ಒಂದು ವಾರ ಕಾದೆ, ಹತ್ತು ದಿನ ಕಾದೆ. ಏನೂ ಇಲ್ಲ. ಬ್ಯಾಂಕಿಗೆ ಹೋದ್ರೆ ಆಕೆ ಸ್ಕ್ರೀನ್ ನೋಡಿ, ಮೂರೂ ಕಳ್ಸಿದ್ವಲ್ಲ, ಮೂರೂ ವಾಪಸ್ ಬಂದಿದೆ, ಆ ವಿಳಾಸದಲ್ಲಿ ಇಂಥೋರು ಯಾರೂ ಇಲ್ಲ ಅಂತ ಬರ್ದು ಕಳ್ಸಿದಾರೆ ಅಂದ್ರು. ನಾನು ಅಲ್ಲೇ ಇದೀನಲ್ಲ! "ಡಬ್ಬದ ಮೇಲೆ ನಿಮ್ಮ ಹೆಸ್ರು ಇದ್ಯಾ?" ಅಂತ ಕೇಳಿದ್ರು. ಯಾವ ಡಬ್ಬ?

ಇಲ್ಲಿ ಅಪಾರ್ಟ್‌ಮೆಂಟುಗಳಿಗೆ ನಮ್ಮ ತರ ಮನೆ ನಂಬರ್ ಇರಲ್ಲ, ಬಹಳಷ್ಟು ಕಡೆ ಬಿಲ್ಡಿಂಗ್ ನಂಬರ್ ಒಂದೇ. ಒಳಗೆ ಯಾರು ಎಲ್ಲಿದಾರೆ ಅಂತ ಪೋಸ್ಟ್‌ಮ್ಯಾನಿಗೆ ಗೊತ್ತಾಗೋದು ಅಂಚೆ ಡಬ್ಬದ ಮೇಲೆ ಇರೋ ಹೆಸ್ರಿಂದ. ಹೆಸ್ರಿಲ್ಲ ಅಂದ್ರೆ ಮನುಷ್ಯನೂ ಇಲ್ಲ. ನಮ್ಮ ಮನೆ ಡಬ್ಬ ಕೆಳಗೆ ಸೈಕಲ್ ನಿಲ್ಸೋ ಜಾಗದ ಪಕ್ಕ, ಎಡಗಡೆಯಿಂದ ನಾಲ್ಕನೇದು. ನನ್ನ ಜೊತೆ ಇರೋ ಇಬ್ರ ಹೆಸ್ರು ನೀಟಾಗಿ ಪ್ರಿಂಟ್ ಮಾಡಿ ಪ್ಲಾಸ್ಟಿಕ್ ಒಳಗೆ ತೂರಿಸಿತ್ತು, ಆರಾರೇ ಅಕ್ಷರ. ನಂದು ಇಂಗ್ಲಿಷಲ್ಲಿ ಬರೆದ್ರೆ ಇಪ್ಪತ್ತಾರು ಅಕ್ಷರ. ಆ ಕಿಟಕಿ ಇರೋದು ಬೆರಳುದ್ದ. ನೋಟ್‌ಬುಕ್ಕಿನ ಹಾಳೆ ಹರಿದು ಬರ್ದೆ, ಹಿಡೀಲಿಲ್ಲ, ಅಕ್ಷರ ಸಣ್ಣ ಮಾಡಿ ಬರ್ದೆ, ಆಗ ನಂಗೇ ಓದೋಕಾಗ್ತಿಲ್ಲ. ಕೊನೆಗೆ ಎರಡು ಸಾಲು ಮಾಡಿ, ಮೇಲಿನ ಸಾಲಲ್ಲಿ ನಾನು ಕೆಳಗಿನ ಸಾಲಲ್ಲಿ ಅಪ್ಪ, ಡಬ್ಬದ ಬಾಗಿಲ ಮೇಲೇ ಅಗಲವಾಗಿ ಸೆಲೋಟೇಪ್ ಹಾಕಿ ಅಂಟಿಸ್ದೆ, ಉಗುರಲ್ಲಿ ಉಜ್ಜಿ ಉಜ್ಜಿ ಗುಳ್ಳೆ ತೆಗ್ದೆ. ಮೇಲಿನ ಮನೆ ಅಜ್ಜಿ ಬ್ಯಾಗ್ ಹಿಡ್ಕೊಂಡು ಬಂದೋರು ನಿಂತು ಜೋರಾಗಿ ಓದೋಕೆ ಟ್ರೈ ಮಾಡಿ, ಅರ್ಧಕ್ಕೇ ಬಿಟ್ಟು, ಗುಟನ್ ಟಾಗ್ ಅಂತ ಹೇಳಿ ಹತ್ಕೊಂಡು ಹೋದ್ರು.

ಆರು ದಿನಕ್ಕೆ ಕಾರ್ಡ್ ಬಂತು. ಎರಡು ದಿನ ಬಿಟ್ಟು ಪಿನ್. ಆಮೇಲೆ ಕೋಡು. ನವೆಂಬರಲ್ಲಿ ಮೊದಲನೇ 934 ಬಂದು ಬಿದ್ದಾಗ ಸ್ಕ್ರೀನ್‌ಶಾಟ್ ತೆಗ್ದು ಅಕ್ಕಂಗೆ ಕಳ್ಸಿದ್ದೆ.

ಅಕೌಂಟ್ ನಡೆಸೋದ್ರಲ್ಲಿ ಅಷ್ಟೇನೂ ಕಥೆ ಇಲ್ಲ, ಲಾಸ್ಟ್‌ಶ್ರಿಫ್ಟ್ ಒಂದನ್ನ ಬಿಟ್ರೆ. ನಾವು ಒಂದು ಸಲ ಒಪ್ಪಿಗೆ ಕೊಟ್ರೆ ಕಂಪನಿಯವ್ರೇ ಬಂದು ಅಕೌಂಟಿಂದ ದುಡ್ಡು ಎಳ್ಕೊಂಡು ಹೋಗ್ತಾರೆ, ಫೋನಿಗೆ ಓಟಿಪಿ ಗೀಟಿಪಿ ಏನೂ ಬರಲ್ಲ. ಎಂಟು ವಾರದೊಳಗೆ ಕಾರಣ ಕೊಡದೇನೇ ವಾಪಸ್ ತಗೋಬಹುದು ಅಂತ ರೂಲ್ ಇದೆ, ಅದು ಗೊತ್ತಾದ್ಮೇಲೆ ಎದೆ ಸ್ವಲ್ಪ ತಣ್ಣಗಾಯ್ತು. ರೇಡಿಯೋ ಟೀವಿ ಶುಲ್ಕ ಅಂತ ಮನೆಗೊಂದರ ಹಾಗೆ ತಿಂಗಳಿಗೆ 18.36 ಯೂರೋ ಕಟ್ಬೇಕು, ಟೀವಿ ಇರ್ಲಿ ಬಿಡ್ಲಿ. ನಮ್ಮ ಮನೇಲಿ ಟೀವಿ ಇಲ್ಲ. ದೊಡ್ಡ ಮನುಷ್ಯನ ತರ ನನ್ನ ಅಕೌಂಟಿಂದಾನೇ ಹೋಗ್ಲಿ, ಆಮೇಲೆ ಹಂಚ್ಕೊಳ್ಳೋಣ ಅಂದಿದ್ದೆ. ಮೂರು ತಿಂಗಳದ್ದು ಒಟ್ಟಿಗೆ 55.08 ಎಳೆಯೋಕೆ ಬಂದ ದಿನ ಅಕೌಂಟಲ್ಲಿದ್ದಿದ್ದು 41. ವಾಪಸ್ ಹೋಯ್ತು, ಮೇಲೆ ದಂಡ ಬೇರೆ. ಜೊತೆಗಿದ್ದ ಇಬ್ರೂ ತಮ್ಮ ಪಾಲು ಕೊಟ್ಟಿದ್ದು ಆಮೇಲೆ, ದಂಡದಲ್ಲಿ ಪಾಲು ಕೇಳೋಕೆ ನಂಗೇ ನಾಚಿಕೆ ಆಯ್ತು.

ಇನ್ನು ಊರ ಕಡೆ ಅಕೌಂಟು. ವಿದೇಶದಲ್ಲಿ ಓದೋಕೆ ಬಂದೋರೂ ಎನ್ಆರ್‌ಐ ಲೆಕ್ಕವೇ, ಸೇವಿಂಗ್ಸ್ ಅಕೌಂಟನ್ನ ಎನ್ಆರ್‌ಒ, ಅಂದ್ರೆ ಎನ್ಆರ್‌ಐಗಳ ಅಕೌಂಟ್, ಮಾಡಿಸ್ಬೇಕು ಅಂತ ಗೊತ್ತಾಗಿದ್ದೇ ಒಂದು ವರ್ಷ ಆದ್ಮೇಲೆ, ಅದಕ್ಕೆ ಓಟಿಪಿ ಹೋಗಿದ್ದು ರೀಚಾರ್ಜ್ ಮಾಡ್ದೇ ಸತ್ತಿದ್ದ ಹಳೇ ನಂಬರಿಗೆ. ಅದೇ ಒಂದು ಬೇರೆ ಬರಹ ಆಗತ್ತೆ ಬಿಡಿ.

ಹೆಸ್ರಿನ ವಿಷ್ಯ ಮುಗೀತು ಅಂದ್ಕೊಂಡಿದ್ದೆ. 2025ರ ಅಕ್ಟೋಬರ್ 9ರಿಂದ ಯೂರೋ ದೇಶಗಳಲ್ಲಿ ಹೊಸ ರೂಲ್ ಬಂತು, ದುಡ್ಡು ಕಳ್ಸೋ ಮುಂಚೆ ಬ್ಯಾಂಕು ಹೆಸ್ರಿಗೂ ಐಬ್ಯಾನ್ ಅನ್ನೋ ಅಕೌಂಟ್ ನಂಬರಿಗೂ ತಾಳೆ ನೋಡ್ಬೇಕು ಅಂತ. ಅಲ್ಲೀವರೆಗೂ ಡಿಇ ಇಂದ ಶುರುವಾಗೋ ಆ 22 ಅಕ್ಷರದ ನಂಬರ್ ಸರಿ ಇದ್ರೆ ಸಾಕಿತ್ತು, ಹೆಸ್ರು ಏನ್ ಬರೆದ್ರೂ ನಡೀತಿತ್ತು. ಆಗ ಪಾರ್ಟ್ ಟೈಮ್ ಕೆಲಸ ಮಾಡ್ತಿದ್ದೆ, ಆಫೀಸಲ್ಲಿ ನನ್ನ ಹೆಸ್ರು ಇದ್ದಿದ್ದು ಆನ್‌ಮೆಲ್ಡುಂಗಲ್ಲಿ ಇದ್ದ ಹಾಗೆ, ಪೂರ್ತಿ ಹೆಸ್ರು ಫ್ಯಾಮಿಲಿ ನೇಮಲ್ಲೇ. ಅಕೌಂಟ್ಸ್ ಸೆಕ್ಷನ್ನಿಂದ ಮೆಸೇಜ್ ಬಂತು, ನಿಮ್ಮ ಹೆಸ್ರು ಹೊಂದ್ತಿಲ್ಲ ಅಂತ ಬ್ಯಾಂಕ್ ಹೇಳ್ತಿದೆ, ಇದು ನಿಮ್ಮ ಅಕೌಂಟೇ ತಾನೇ? ಮೋಸ ತಡೆಯೋಕೆ ಒಳ್ಳೇ ರೂಲೇ, ಇಲ್ಲ ಅನ್ನಲ್ಲ, ಆದ್ರೆ ನನ್ನ ಸಂಬಳಕ್ಕೆ ನಾನೇ ಕಳ್ಳ ಆದ ಹಾಗಿತ್ತು.

ಪಾಸ್‌ಪೋರ್ಟ್ ತಗೊಂಡು ಅದೇ ಬ್ರಾಂಚಿಗೆ ಹೋದೆ. ಆಕೆ ಇರ್ಲಿಲ್ಲ, ಹೊಸ ಹುಡುಗ. ಎರಡು ವರ್ಷದ ಹಿಂದೆ ನಡ್ದಿದ್ದೆಲ್ಲ ಮತ್ತೆ ಹೇಳ್ದೆ, ಈ ಸಲ ಮುರುಕು ಜರ್ಮನ್‌ನಲ್ಲಿ. ಅವ್ನು ಪಾಸ್‌ಪೋರ್ಟ್ ತೆಗ್ದು ಸರ್‌ನೇಮಿನ ಖಾಲಿ ಜಾಗದ ಮೇಲೆ ಬೆರಳಿಟ್ಟು "ಇಲ್ಲಿ ಏನಿರ್ಬೇಕಿತ್ತು?" ಅಂದ.

ಏನೂ ಇಲ್ಲ, ಅದು ಖಾಲೀನೇ ಅಂದೆ.

ಅವ್ನು ತಲೆ ಆಡ್ಸಿ ಎದ್ದು ಒಳಗಿದ್ದ ಯಾರನ್ನೋ ಕೇಳೋಕೆ ಹೋದ. ಹತ್ತು ನಿಮಿಷ ಆಯ್ತು. ವಾಪಸ್ ಬಂದು ಒಂದು ಫಾರಂ ಕೊಟ್ಟ, ತುಂಬಿ ಕೊಡಿ, ಉತ್ತರ ಅಂಚೇಲಿ ಬರತ್ತೆ ಅಂದ. ಮನೆಗೆ ಬಂದು ಡಬ್ಬ ನೋಡಿದ್ರೆ ಸೆಲೋಟೇಪ್ ಒಂದು ಮೂಲೇಲಿ ಎದ್ದಿತ್ತು, ಇಂಕು ಮಾಸಿತ್ತು. ಹೊಸ ಹಾಳೆ ತರೋಣ ಅಂತ ಮೇಲೆ ಹತ್ತಿದೆ.